ನನ್ನ ಅಂಗೈಯ ಉಪ್ಪು

ಟೀಚರ ಬಲಗೈಯ ಮೂರು ಉಗುರುಗಳಿಗೆ ಯಾವಾಗಲೂ ತುಕ್ಕಿನ ಬಣ್ಣ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಗುರಿನ ಬುಡದಿಂದ ಬೆರಳಿನ ಮೊದಲ ಗಂಟಿನವರೆಗೆ ಹಬ್ಬಿದ್ದ ಆ ಕಲೆ ಸಾಬೂನಿಗೂ ಜಗ್ಗುತ್ತಿರಲಿಲ್ಲ, ಲಿಂಬೆಹುಳಿಗೂ ಜಗ್ಗುತ್ತಿರಲಿಲ್ಲ. ಮೂಡಬಿದಿರೆ ಪೇಟೆಯಲ್ಲಿ ತರಕಾರಿ ಆರಿಸುವಾಗ ಯಾರಾದರೂ, "ಮದರಂಗಿಯಾ ಟೀಚರ್?" ಎಂದು ಕೇಳಿದರೆ, "ಈ ಪ್ರಾಯದಲ್ಲಿ ನನಗೆ ಮದರಂಗಿ ಹಾಕ್ಲಿಕ್ಕೆ ಯಾರುಂಟು ಮಾರಾಯ್ತಿ? ಇದು ಕಷಾಯದ ಕಲೆ" ಎಂದು ಹೇಳಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದರು. ಕೇಳಿದವರು ಇವರಿಗೆ ಏನೋ ಕಾಯಿಲೆ ಇರಬೇಕೆಂದುಕೊಂಡು ಸುಮ್ಮನಾಗುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಾಗಿದೆ, ಅದೂ ಹಿತ್ತಾಳೆಯ ಮೇಲೆ. ಅಷ್ಟು ಸಾಕು. ಹೈಸ್ಕೂಲಿನಲ್ಲಿ ನನಗೆ ಕ್ರಾಫ್ಟ್ ಕಲಿಸಿದವರು ಅವರು. ಹೊಲಿಗೆ, ಕಸೂತಿ, ಪ್ಲಾಸ್ಟಿಕ್ ವಯರಿನ ಬುಟ್ಟಿ ಇತ್ಯಾದಿ. ನಿವೃತ್ತರಾದ ಮೇಲೆ ಎಲ್ಲಿಂದಲೋ ಲೋಹ ಕೊರೆಯುವ ಹುಚ್ಚು ಹಿಡಿಸಿಕೊಂಡಿದ್ದರು. ಉಳಿ ಸುತ್ತಿಗೆಯಿಂದ ಅಲ್ಲ, ದ್ರಾವಣದಿಂದ. ಹಿತ್ತಾಳೆಯ ಅಥವಾ ತಾಮ್ರದ ತಗಡಿಗೆ ಪೂರ್ತಿ ನೈಲ್ ಪಾಲಿಶ್ ಬಳಿಯಬೇಕು. ಒಣಗಿದ ಮೇಲೆ ಸೂಜಿಯಿಂದ ಚಿತ್ರ ಗೀರಬೇಕು. ಆಮೇಲೆ ಫೆರಿಕ್ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ಮುಳುಗಿಸಿಡಬೇಕು. ಪಾಲಿಶ್ ಇದ್ದಲ್ಲಿ ಲೋಹ ಹಾಗೇ ಉಳಿಯುತ್ತದೆ; ಸೂಜಿ ಗೀರಿದಲ್ಲಿ ಮಾತ್ರ ದ್ರಾವಣ ನಿಧಾನಕ್ಕೆ ತಿನ್ನುತ್ತಾ ಗೆರೆಯನ್ನು ಆಳಕ್ಕೆ ಇಳಿಸುತ್ತದೆ. ಆ ದ್ರಾವಣ ನೋಡುವುದಕ್ಕೆ ಥೇಟ್ ಕೊತ್ತಂಬರಿ ಜೀರಿಗೆಯ ಕಷಾಯ. ಹಾಗಾಗಿ ಅವರ ಮನೆಯಲ್ಲಿ ಅದಕ್ಕೆ ಕಷಾಯ ಎಂದೇ ಹೆಸರು.

ಶಾಲೆ ಬಿಟ್ಟು ಎಷ್ಟೋ ವರ್ಷದ ಮೇಲೆ ಅವರು ನನ್ನನ್ನು ಮತ್ತೆ ಹಿಡಿದದ್ದು ಸಿದ್ದಕಟ್ಟೆಯ ಒಂದು ಮದುವೆ ಹಾಲಿನಲ್ಲಿ. ನಾನು ಬಂಟ್ವಾಳಕ್ಕೆ ಮದುವೆಯಾಗಿ ಬಂದಿದ್ದೆ. ಮದುವೆ ಹುಡುಗಿಯರ ಕೈಗೆ ಮೆಹಂದಿ ಹಾಕುವುದು ನನ್ನ ಕೆಲಸವಾಗಿತ್ತು. ಅವತ್ತಿನ ಮದುಮಗಳಿಗೂ ನಾನೇ ಹಾಕಿದ್ದೆ. ಊಟದ ಹಾಲಿನ ಬಾಗಿಲಲ್ಲಿ ನಿಂತಿದ್ದಾಗ, ಟೀಚರ್ ಆ ಹುಡುಗಿಯ ಕೈಯನ್ನು ಹಿಡಿದೇ ಎಳೆದುಕೊಂಡು ನನ್ನ ಬಳಿಗೆ ಬಂದರು. ಹಿಂದಿನಿಂದ ಫೋಟೋದವನು, "ಮೇಡಂ, ಮದುಮಗಳನ್ನು ಬಿಡಿ" ಎಂದು ಕೂಗುತ್ತಿದ್ದ.

"ಈ ಗೆರೆ ನಿನ್ನದಾ?"

"ಹೌದು ಟೀಚರ್."

"ಕಿಟಕಿ ಬದಿಯ ಬೆಂಚಿನವಳಲ್ಲವಾ ನೀನು?" ಎಂದರು, ನನ್ನ ಮುಖ ನೋಡದೆ. ಕಣ್ಣು ಮದುಮಗಳ ಅಂಗೈಯ ಮೇಲೇ ಇತ್ತು. "ಇಷ್ಟು ಸಪೂರ ಗೆರೆ! ಎರಡು ವಾರಕ್ಕೆ ಮಾಸಿ ಹೋಗ್ತದಲ್ಲ ಮಗಾ. ಹೊಟ್ಟೆ ಉರಿಯುವುದಿಲ್ಲವಾ ನಿನಗೆ? ಹಿತ್ತಾಳೆಯಲ್ಲಿ ಹಾಕುವ, ಬಾ. ನಾವು ಸತ್ತ ಮೇಲೂ ಇರ್ತದೆ."

ಅದುವರೆಗೆ ನನ್ನ ಗೆರೆಗಾಗಿ ಹೊಟ್ಟೆ ಉರಿಸಿಕೊಂಡವರು ಯಾರೂ ಇರಲಿಲ್ಲ. ನಾನು ಅಲ್ಲೇ ಬಿದ್ದುಹೋದೆ.

ಹೀಗೆ ಪ್ರತಿ ಗುರುವಾರ ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯ ಬಸ್ಸು ಹತ್ತಿ ಮೂಡಬಿದಿರೆಗೆ ಹೋಗುವುದು ಶುರುವಾಯಿತು. ಟೀಚರದು ಹೆಂಚಿನ ಸಣ್ಣ ಮನೆ, ಒಬ್ಬರೇ ಇದ್ದದ್ದು. ಮುಂದಿನ ಜಗಲಿಯಲ್ಲಿ ನಾನು ಗೀರುವುದು, ಹಿಂದಿನ ಕೋಣೆಯಲ್ಲಿ ಅವರು ಮುಳುಗಿಸುವುದು. ಅವರಿಗೆ ನೂರೆಂಟು ನಿಯಮ. ತಗಡನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೊಳೆದ ಮೇಲೆ ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಬಾರದು; ತಾಗಿದರೆ ಬೆವರಿನ ಜಿಡ್ಡಿಗೆ ಪಾಲಿಶ್ ಹಿಡಿಯುವುದಿಲ್ಲ. ಕಷಾಯ ಕಲಸುವಾಗ ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹಾಕಬಾರದು. ಸ್ಟೀಲಿನ ಪಾತ್ರೆ ಹತ್ತಿರ ತರಬಾರದು, ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು. "ಅವಸರ ಇದ್ದವರು ದೋಸೆ ಹೊಯ್ಯಲಿ, ಹಿತ್ತಾಳೆ ಮುಟ್ಟುವುದು ಬೇಡ" ಎನ್ನುತ್ತಿದ್ದರು. ನನಗೆ ದೋಸೆಯೂ ಹೊಯ್ಯಲಿಕ್ಕಿರುತ್ತಿತ್ತು, ಆದರೂ ಸುಮ್ಮನೆ ಕೇಳುತ್ತಿದ್ದೆ.

ಬಳಸಿ ಮುಗಿದ ಕಷಾಯವನ್ನು ಅವರು ಒಂದು ಹನಿಯೂ ಚರಂಡಿಗೆ ಬಿಟ್ಟವರಲ್ಲ. ಅದಕ್ಕೆ ಸೋಡಾಪುಡಿ ಹಾಕುತ್ತಾ ಹೋಗಿ, ನೊರೆ ನಿಂತ ಮೇಲೆ ತಳದಲ್ಲಿ ಕೂತ ಕೆಸರನ್ನು ಸಿಮೆಂಟಿಗೆ ಕಲಸಿ, ತೆಂಗಿನ ಚಿಪ್ಪಿನಲ್ಲಿ ಹಾಕಿ ಗಟ್ಟಿ ಮಾಡುತ್ತಿದ್ದರು. ಅಂಗಳದ ಮೂಲೆಯಲ್ಲಿ ಆ ಉರುಟು ಕಲ್ಲುಗಳ ಒಂದು ರಾಶಿಯೇ ಇತ್ತು. "ಚರಂಡಿಗೆ ಬಿಟ್ಟರೆ ತೋಡಿಗೆ ಹೋಗ್ತದೆ, ತೋಡಿನಿಂದ ಹೊಳೆಗೆ. ಆ ಮೀನಿಗೆ ಎಂಥ ಗೊತ್ತು ಪಾಪ" ಎನ್ನುತ್ತಿದ್ದರು. ಮೀನಿನ ಮೇಲೆ ಅಷ್ಟು ಕನಿಕರ ಇದ್ದವರು ಅವರು. ಇದನ್ನು ನಾನು ಈಗ ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ.

ಕನಿಕರ ನನ್ನ ಮೇಲೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಗಲು ಶುರುಮಾಡಿದ ಹೊಸತರಲ್ಲಿ ಒಮ್ಮೆ ನಾನು ತಗಡನ್ನು ಡಬ್ಬಿಗೆ ಮೆಲ್ಲಗೆ ಇಳಿಸುವ ಬದಲು ಎತ್ತಿಹಾಕಿಬಿಟ್ಟೆ. ಕಷಾಯ ಚಿಮ್ಮಿ ಕಣ್ಣಿನ ಬದಿಗೆ ಬಿತ್ತು. ಟೀಚರ್ ನನ್ನ ಕುತ್ತಿಗೆ ಹಿಡಿದು ಅಂಗಳದ ನಲ್ಲಿಯ ಅಡಿಗೆ ಬಗ್ಗಿಸಿದರು. "ಕಣ್ಣು ಬಿಡು, ಬಿಡು ಮಗಾ, ಬಿಡು ಹೇಳಿದ್ದು" ಎಂದು ಗದರಿಸುತ್ತಾ, ನೀರು ಬಿಡುತ್ತಲೇ ಇದ್ದರು. ಅವರ ಸೀರೆ ಎದೆಯವರೆಗೆ ಒದ್ದೆಯಾಯಿತು. ಸಾಕು ಟೀಚರ್ ಎಂದರೂ ಬಿಡಲಿಲ್ಲ. ಆಮೇಲೆ ನನ್ನನ್ನು ರಿಕ್ಷಾದಲ್ಲಿ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಹೊರಗಿನ ಬೆಂಚಿನಲ್ಲಿ ಕೂತು ನನಗಿಂತ ಹೆಚ್ಚು ಅತ್ತರು. ಆ ದಿನ ಅವರು ಅತ್ತದ್ದು ನಾಟಕವಲ್ಲ.

ಆದರೆ ಅದಾದ ಮೇಲೆ ಒಂದು ಹೊಸ ನಿಯಮ ಬಂತು. ತಗಡು ಮುಳುಗಿಸುವ ಹೊತ್ತಿಗೆ ನಾನು ಹಿಂದಿನ ಕೋಣೆಗೆ ಹೋಗುವಂತಿರಲಿಲ್ಲ. "ನಿನ್ನ ಕಣ್ಣಿಗೆ ಆಗುವುದಿಲ್ಲ. ನೀನು ಒಂದು ಚಾ ಇಡು" ಎನ್ನುತ್ತಿದ್ದರು. ನಾನು ಚಾ ಇಡುತ್ತಿದ್ದೆ. ಪ್ರತಿ ಗುರುವಾರ, ತಗಡು ಕಷಾಯಕ್ಕೆ ಇಳಿಯುವ ಸಮಯಕ್ಕೆ ಸರಿಯಾಗಿ ನಾನು ಅಡುಗೆಮನೆಯಲ್ಲಿ ಶುಂಠಿ ಜಜ್ಜುತ್ತಿದ್ದೆ. ಅದು ನನ್ನ ಮೇಲಿನ ಪ್ರೀತಿ ಎಂದು ತಿಳಿದು, ಏಲಕ್ಕಿಯನ್ನೂ ಹಾಕುತ್ತಿದ್ದೆ.

ಚಾ ಲೋಟ ಹಿಡಿದು ಹೋಗುವಷ್ಟರಲ್ಲಿ ಡಬ್ಬಿಯ ಮುಚ್ಚಳ ಹಾಕಿಯಾಗಿರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ನೀರಿನ ಬಾಟಲಿಯ ಮುಚ್ಚಳಗಳು ಕೆಲವೊಮ್ಮೆ ಇರುತ್ತಿದ್ದವು, ಕೆಲವೊಮ್ಮೆ ಇರುತ್ತಿರಲಿಲ್ಲ. ನಾಲ್ಕಕ್ಕೂ ಟೀಚರ ಉಗುರಿನದ್ದೇ ಬಣ್ಣ. "ಇದು ಎಂಥಕ್ಕೆ ಟೀಚರ್?" ಎಂದು ಒಮ್ಮೆ ಕೇಳಿದ್ದೆ. "ಪುಡಿ ಅಳೀಲಿಕ್ಕೆ ಮಗಾ" ಎಂದಿದ್ದರು. ಒಬ್ಬರಿಗೆ ಪುಡಿ ಅಳೆಯಲು ನಾಲ್ಕು ಮುಚ್ಚಳ ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ನಮ್ಮ ಕೆಲಸಕ್ಕೆ ಹೆಸರು ಬಂತು. ನಮ್ಮ ಎಂದೆ, ಅಲ್ಲ, ಅವರ ಕೆಲಸಕ್ಕೆ. ಹೊಸ ಮನೆಯ ಬಾಗಿಲಿನ ಹೆಸರಿನ ತಗಡು, ಮದುವೆಗೆ ಕೊಡುವ ಹರಿವಾಣ, ಕಿವಿಯ ತಾಮ್ರದ ಓಲೆ. ಕೆಸುವಿನ ಎಲೆಯ ನರ, ಹಾಗಲಬಳ್ಳಿಯ ಸುರುಳಿ, ಬೀಸುಬಲೆಯ ಕಣ್ಣುಗಳು, ಎಲ್ಲ ನನ್ನ ಸೂಜಿಯಿಂದ ಬಂದವು. ನೋಡಿದವರೆಲ್ಲ "ಟೀಚರ ಕೈ ಅಂದರೆ ಕೈ" ಎನ್ನುತ್ತಿದ್ದರು. ಟೀಚರ್ ನನ್ನ ಕಡೆಗೆ ಕೈ ತೋರಿಸಿ, "ಗೆರೆ ಇವಳದ್ದು" ಎಂದು ಹೇಳುತ್ತಿದ್ದರು, ಕೂಡಲೇ ಸೇರಿಸುತ್ತಿದ್ದರು: "ಗೆರೆ ಯಾರೂ ಎಳೀಬಹುದು. ಲೋಹಕ್ಕೆ ಇಳಿಸುವುದು ಉಂಟಲ್ಲ, ಅದೇ ಕೆಲಸ." ನಾನೂ ತಲೆಯಾಡಿಸುತ್ತಿದ್ದೆ. ಆ ಮಾತನ್ನು ನಾನು ಪೂರ್ತಿ ಒಪ್ಪಿದ್ದೆ.

ಹಾಗಾಗಿಯೇ ನನಗೆ ಆಸೆಯಾದದ್ದು. ಒಂದೇ ಒಂದು ತಗಡು, ಗೆರೆಯೂ ನನ್ನದು, ಇಳಿಸಿದ್ದೂ ನಾನೇ, ನಮ್ಮ ಮನೆಯ ಬಾಗಿಲಿಗೆ. ಗಂಡ ಅವತ್ತೇ ಬಾಗಿಲ ಪಕ್ಕ ಎರಡು ಮೊಳೆ ಹೊಡೆದು, "ತಾ ನೋಡುವ ನಿನ್ನ ತಗಡು" ಎಂದರು. ಟೀಚರಿಗೆ ಹೇಳಿದೆ. ಅವರು ಬಾಟಲಿಯಲ್ಲಿ ಕಷಾಯ ತುಂಬಿಸಿ ಕೊಟ್ಟು, ಹೇಗೆ ಮಾಡಬೇಕೆಂದು ಹೇಳಿಕೊಟ್ಟರು. ಆ ಮಾತುಗಳು ನನಗೆ ಬಾಯಿಪಾಠ. "ಮುಖ ಮೇಲೆ ಮಾಡಿ ಇಡು ಮಗಾ. ಕೆಲಸ ಕಣ್ಣಿಗೆ ಕಾಣಬೇಕು. ಇಟ್ಟ ಮೇಲೆ ಅಲ್ಲಾಡಿಸಬೇಡ, ಪಾಲಿಶ್ ಏಳ್ತದೆ."

ನಾನು ಹಾಗೆಯೇ ಮಾಡಿದೆ. ತಗಡು ಹೊರಗೆ ಬಂದಾಗ ಅದರ ಮೇಲೆ ಇದ್ದದ್ದು ನನ್ನ ಗೆರೆಯಲ್ಲ; ಇಲಿ ಕಚ್ಚಿದಂಥ ಏನೋ ಒಂದು. ಕೆಲವು ಕಡೆ ಆಳ, ಕೆಲವು ಕಡೆ ಬರೀ ಮಸುಕು, ಸಪೂರ ಗೆರೆಗಳ ಗುರುತೇ ಇಲ್ಲ. ಮುಂದಿನ ಗುರುವಾರ ಕೊಂಡುಹೋಗಿ ತೋರಿಸಿದೆ. ಟೀಚರ್ ತಗಡನ್ನು ಬದಿಗಿಟ್ಟು ನನ್ನ ಬಲಗೈಯನ್ನು ಹಿಡಿದು, ಅಂಗೈ ಮೇಲೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮೆಹಂದಿ ಹಾಕಲು ನಾನು ಬೇರೆಯವರ ಅಂಗೈ ಹಿಡಿಯುವುದು ಹಾಗೆಯೇ.

"ಉಪ್ಪು ಮಗಾ" ಎಂದರು. "ನಿನ್ನ ಕೈಯಲ್ಲಿ ಉಪ್ಪು ಹೆಚ್ಚುಂಟು. ಬೆವರಲ್ಲಿ ಇಳೀತದೆ. ಎಲ್ಲರ ಕೈ ಲೋಹಕ್ಕೆ ಆಗುವುದಿಲ್ಲ. ಬೇಜಾರು ಮಾಡಬೇಡ, ನಿನಗೆ ಗೆರೆ ಉಂಟಲ್ಲ."

ಮತ್ತೊಮ್ಮೆ ಮಾಡಿದೆ, ಮತ್ತೂ ಮಾಡಿದೆ. ಗ್ಲೌಸ್ ಹಾಕಿಕೊಂಡು ಮಾಡಿದೆ. "ಗ್ಲೌಸಿನ ಒಳಗೆ ಬೆವರು ಇನ್ನೂ ಹೆಚ್ಚು" ಎಂದರು. ತಂಪು ಹೊತ್ತೆಂದು ಬೆಳಿಗ್ಗೆ ಎದ್ದು ಮಾಡಿದೆ. ಮಳೆಗಾಲದಲ್ಲಿ ನೇತ್ರಾವತಿಯ ನೀರು ಹಿತ್ತಿಲಿಗೆ ಬಂದು, ಸಾಮಾನೆಲ್ಲ ಅಟ್ಟಕ್ಕೇರಿಸಿದ್ದಾಗ, ಅಟ್ಟದಲ್ಲೇ ಕೂತು ಮಾಡಿದೆ. ಪ್ರತಿ ಸಲವೂ ಅದೇ ಇಲಿ. ಬಾಗಿಲ ಪಕ್ಕದ ಮೊಳೆಗಳಲ್ಲಿ ಗಂಡ ಕೊಡೆ ತೂಗುಹಾಕಲು ಶುರುಮಾಡಿದರು. "ನಿನ್ನ ಕೈಯಲ್ಲಿ ಅಷ್ಟು ಉಪ್ಪಿದ್ದರೆ ಸಾಂಬಾರು ಯಾಕೆ ಯಾವಾಗಲೂ ಸಪ್ಪೆ ಮಾರಾಯ್ತಿ?" ಎಂದು ಗೇಲಿ ಮಾಡುತ್ತಿದ್ದರು. ಅವರು ನಗುವಾಗ ನಾನೂ ನಗುತ್ತಿದ್ದೆ, ಆದರೆ ಉಪ್ಪಿನಕಾಯಿ ಭರಣಿಗೆ ಕೈ ಹಾಕುವುದನ್ನು ಬಿಟ್ಟಿದ್ದೆ. ನನ್ನ ಕೈ ತಾಗಿದರೆ ಹಾಳಾಗುತ್ತದೆ ಎಂಬ ಅಂಜಿಕೆ. ಮದುಮಗಳ ಕೈ ಹಿಡಿಯುವ ಮೊದಲೂ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುವುದು ಅಭ್ಯಾಸವಾಯಿತು. ಬರಬರುತ್ತಾ ಮೆಹಂದಿಗೆ ಕರೆದರೆ, ಪುರುಸೊತ್ತಿಲ್ಲ ಎನ್ನತೊಡಗಿದೆ.

ಮೊಬೈಲಿನಲ್ಲಿ ನೋಡಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಟೀಚರ್ ಹೇಳಿಕೊಟ್ಟದ್ದನ್ನು ಸರಿಯಾ ಎಂದು ಮೊಬೈಲಿಗೆ ಕೇಳುವುದೆಂದರೆ ಟೀಚರನ್ನು ನಂಬದ ಹಾಗೆ. ಅದೂ ಅಲ್ಲದೆ ತೊಂದರೆ ಕಷಾಯದ್ದಾಗಿದ್ದರೆ ಹುಡುಕಬಹುದಿತ್ತು. ನನ್ನ ತೊಂದರೆ ಕೈಯದ್ದು. ಕೈಯಲ್ಲಿ ಉಪ್ಪು ಹೆಚ್ಚಾದವಳು ಯಾವ ವಿಡಿಯೋ ನೋಡಬೇಕು?

ಹೀಗೇ ಇರುವಾಗ ಬೆಳ್ತಂಗಡಿಯ ಒಂದು ಮಹಿಳಾ ಸಂಘದವರು ಟೀಚರನ್ನು ತರಬೇತಿಗೆ ಕರೆದರು. ಅವರಿಗೆ ಆಗ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನನ್ನನ್ನು ಕಳಿಸಿದರು. "ಗೆರೆ ಹೇಳಿಕೊಡು, ಸಾಕು. ಮುಳುಗಿಸ್ಲಿಕ್ಕೆ ಹೋಗಬೇಡ, ಮರ್ಯಾದೆ ಹೋಗ್ತದೆ. ಮುಳುಗಿಸಿ ತೋರಿಸಿ ಅಂದರೆ ಮೂಡಬಿದಿರೆಗೆ ಬನ್ನಿ ಹೇಳು."

ನಾನು ಹಾಗೆಯೇ ಹೇಳಿದೆ. ಆದರೆ ನೆರಿಯದಿಂದ ಬಂದಿದ್ದ ಒಬ್ಬ ಹೆಂಗಸು ಬಿಡಲಿಲ್ಲ. "ಗೆರೆ ಎಳೆದ ತಗಡು ಮನೆಗೆ ಕೊಂಡುಹೋಗಿ ಎಂಥ ಮಾಡುವುದು ಅಕ್ಕ, ಪಲ್ಯ ಮಾಡುವುದಾ? ನಿಮ್ಮ ಬ್ಯಾಗಲ್ಲಿ ಬಾಟಲಿ ಉಂಟಲ್ಲ. ಒಮ್ಮೆ ತೋರಿಸಿ" ಎಂದಳು. ಎಲ್ಲರೂ ನಕ್ಕರು. ಬೇರೆ ದಾರಿಯಿರಲಿಲ್ಲ. ಡಬ್ಬಿಗೆ ಕಷಾಯ ಹೊಯ್ದೆ. ನಾನು ಗೀರಿದ ಒಂದು ಪುಟ್ಟ ತಗಡನ್ನು ಮುಖ ಮೇಲೆ ಮಾಡಿ ಇಳಿಸಲು ಹೋದೆ. ಎಲ್ಲರೂ ನೋಡುತ್ತಿದ್ದರೆಂದೋ ಏನೋ, ಗ್ಲೌಸಿನಿಂದ ಜಾರಿ ಅದು ಕವುಚಿ ಬಿತ್ತು. ಕಲಸಲು ಹಾಕಿದ್ದ ಪ್ಲಾಸ್ಟಿಕ್ ಚಮಚ ಒಳಗೇ ಇತ್ತು. ತಗಡು ಅದರ ಮೇಲೆ ಓರೆಯಾಗಿ, ಮುಖ ಕೆಳಗೆ ಮಾಡಿ ಕೂತಿತು. ತೆಗೆಯಬೇಕೆಂದು ಕೈ ಹಾಕುವಷ್ಟರಲ್ಲಿ ಗಂಜಿ ಊಟಕ್ಕೆ ಕರೆದರು. ಹೇಗೂ ಹಾಳಾಗುವುದೇ, ಯಾವ ಮುಖದಲ್ಲಿ ಹಾಳಾದರೇನು ಎಂದು ನಾನು ಊಟಕ್ಕೆ ಹೋದೆ.

ಬಂದು ತೆಗೆದು, ಸೋಡಾ ನೀರಿನಲ್ಲಿ ಅದ್ದಿ, ತಿನ್ನರ್ ಹಾಕಿ ಪಾಲಿಶ್ ಒರೆಸಿದೆ. ಒರೆಸುತ್ತಿದ್ದ ಬಟ್ಟೆಯ ಅಡಿಯಿಂದ ಕೆಸುವಿನ ಎಲೆಯ ನರಗಳು ಒಂದೊಂದಾಗಿ ಬಂದವು. ಒಂದೂ ಕಡಿದಿರಲಿಲ್ಲ, ಒಂದೂ ಮಸುಕಾಗಿರಲಿಲ್ಲ. ಕೂದಲಿನಷ್ಟು ಸಪೂರದ್ದೂ ಇತ್ತು.

"ಅಯ್ಯೋ ಅಕ್ಕ, ಚಂದ ಉಂಟು" ಎಂದಳು ನೆರಿಯದವಳು. "ಮತ್ತೆ ಯಾಕೆ ಬರುವುದಿಲ್ಲ ಬರುವುದಿಲ್ಲ ಹೇಳಿದ್ದು?"

ಇನ್ನೆರಡು ತಗಡು ಗೀರಿದೆ. ಒಂದನ್ನು ಟೀಚರ್ ಹೇಳಿದ ಹಾಗೆ, ಮುಖ ಮೇಲೆ ಮಾಡಿ. ಇನ್ನೊಂದನ್ನು ಬೇರೆ ಡಬ್ಬಿಯಲ್ಲಿ, ಚಮಚದ ಮೇಲೆ ಕವುಚಿ. ಎರಡಕ್ಕೂ ಅದೇ ಕಷಾಯ, ಅದೇ ಕೈ, ಅದೇ ಉಪ್ಪು. ಮೊದಲನೆಯದು ಇಲಿ ಕಚ್ಚಿ ಬಂತು, ಎರಡನೆಯದು ಗೆರೆಯಾಗಿ ಬಂತು. ವಿಷಯ ಇಷ್ಟೇ. ಕಷಾಯ ಲೋಹವನ್ನು ತಿಂದಾಗ ಒಂದು ಕೆಸರು ಹುಟ್ಟುತ್ತದೆ. ಮುಖ ಮೇಲಿದ್ದರೆ ಆ ಕೆಸರು ಗೆರೆಯೊಳಗೇ ಕೂತು, ಇಳಿಯುವುದಕ್ಕೆ ಬಿಡುವುದಿಲ್ಲ. ಮುಖ ಕೆಳಗಿದ್ದರೆ ಕೆಳಗೆ ಬಿದ್ದುಹೋಗುತ್ತದೆ. ತಗಡು ಡಬ್ಬಿಯ ತಳಕ್ಕೆ ತಾಗಬಾರದು, ಅಡಿಗೆ ಏನಾದರೂ ಕೊಡಬೇಕು. ಚಮಚವೂ ಆದೀತು. ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳಗಳಾದರೆ ಇನ್ನೂ ಒಳ್ಳೆಯದು.

ನಾಲ್ಕು ಮುಚ್ಚಳಗಳು. ಅಲ್ಲಿಯವರೆಗೂ ಅದು ನನಗೆ ಹೊಳೆದಿರಲಿಲ್ಲ. ಹೊಳೆದ ಕೂಡಲೇ ಕುರ್ಚಿಯಲ್ಲಿ ಕೂತೆ. ಸಂಘದವರು ಬಿಸಿಲಿಗೆ ಹೀಗಾಗುತ್ತದೆಂದು ಮಜ್ಜಿಗೆ ಕೊಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ಸಾಬೂನು ಹಾಕಿ ಎರಡೆರಡು ಸಲ ತೊಳೆದ ಕೈ ಅಷ್ಟರಲ್ಲಿ ಮತ್ತೆ ಬೆವರಿತ್ತು. ಪಕ್ಕದವರು ನಿದ್ದೆ ಮಾಡುತ್ತಿದ್ದಾರೆಂದು ಖಾತ್ರಿಯಾದ ಮೇಲೆ ನನ್ನ ಅಂಗೈಯನ್ನು ನೆಕ್ಕಿ ನೋಡಿದೆ. ಉಪ್ಪಿತ್ತು. ಎಲ್ಲರ ಅಂಗೈಯಲ್ಲಿ ಇರುವಷ್ಟೇ ಇತ್ತು. ಬಂಟ್ವಾಳ ಬರುವವರೆಗೂ ಅತ್ತೆ.

ಗುರುವಾರದವರೆಗೆ ಕಾಯಲಿಲ್ಲ. ಮಾರನೆಯ ದಿನವೇ ಆ ಕೆಸುವಿನ ಎಲೆಯ ತಗಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದೆ. ಟೀಚರ್ ಜಗಲಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ತಗಡನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ, ತುಕ್ಕಿನ ಬಣ್ಣದ ಆ ಉಗುರಿನಿಂದ ಒಂದು ನರವನ್ನು ಉದ್ದಕ್ಕೂ ಸವರಿದರು.

"ಕವುಚಿ ಹಾಕಿದೆಯಾ?"

ಅಷ್ಟೇ. ಚಂದ ಬಂದಿದೆ ಎಂದಲ್ಲ. ಯಾರು ಹೇಳಿಕೊಟ್ಟರು ಎಂದೂ ಅಲ್ಲ.

"ನಿಮಗೆ ಗೊತ್ತಿತ್ತು ಟೀಚರ್."

"ಗೊತ್ತಿಲ್ಲದೆ ಎಂಥ."

"ಮತ್ತೆ ನನ್ನ ಕೈಯ ಉಪ್ಪು?"

ಅವರು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದರು. ಆಮೇಲೆ ಕೇಳಿದರು: "ನಾನು ಒಂದು ಗೆರೆ ಎಳೆದದ್ದು ನೀನು ನೋಡಿದ್ದೀಯಾ?"

ನೋಡಿರಲಿಲ್ಲ. ಶಾಲೆಯಲ್ಲೂ ಅವರು ಕಾರ್ಬನ್ ಪೇಪರ್ ಇಟ್ಟು ಪುಸ್ತಕದ ಹೂವನ್ನು ಬಟ್ಟೆಗೆ ಇಳಿಸುತ್ತಿದ್ದರು. ಕರಿಹಲಗೆಯ ಮೇಲೆ ಏನಾದರೂ ಬಿಡಿಸಬೇಕಾದರೆ ನನ್ನನ್ನು ಎಬ್ಬಿಸುತ್ತಿದ್ದರು. ಆಗ ಅದು ನನಗೆ ದೊಡ್ಡ ಹೆಮ್ಮೆ.

"ಬರುವುದಿಲ್ಲ ಮಗಾ ನನಗೆ. ಕ್ರಾಫ್ಟ್ ಟೀಚರಿಗೆ ಒಂದು ಮಾವಿನ ಮಿಡಿ ಬಿಡಿಸ್ಲಿಕ್ಕೆ ಬರುವುದಿಲ್ಲ ಅಂತ ಯಾರ ಹತ್ತಿರ ಹೇಳುವುದು? ನಿನಗೆ ಗೆರೆ ಉಂಟು. ಕಷಾಯವೂ ಕೈಗೆ ಬಂದರೆ ಮತ್ತೆ ನಾನು ಎಂಥದಕ್ಕೆ?"

"ಹಾಗಂತ ಸುಳ್ಳು ಹೇಳುವುದಾ ಟೀಚರ್? ಇಷ್ಟು ವರ್ಷ?"

"ನೀನು ಅಷ್ಟು ಬೇಗ ನಂಬ್ತೀ ಅಂತ ನನಗೂ ಗೊತ್ತಿರಲಿಲ್ಲ" ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟವರಂತೆ ಹೇಳಿದರು. "ನಿಂತೇ ಇದ್ದೀಯಲ್ಲ. ಒಂದು ಚಾ ಇಡು, ಕುಡಿದು ಮಾತಾಡುವ."

"ನೀವೇ ಇಡಿ ಟೀಚರ್" ಎಂದು ಹೇಳಿ ನಾನು ಅಂಗಳಕ್ಕೆ ಇಳಿದೆ. ಅವರಿಗೆ ನಾನು ಎದುರು ಹೇಳಿದ ಮಾತೆಂದರೆ ಜನ್ಮದಲ್ಲಿ ಅದೊಂದೇ.

ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವವರು ಎಷ್ಟೋ ಜನ. "ಇದೊಂದು ನಾನು ಹೇಳಿಕೊಡುವುದಿಲ್ಲ" ಎಂದಿದ್ದರೆ ಬೇಸರವಾಗುತ್ತಿತ್ತು. ಮುಂದಿನ ಗುರುವಾರ ಮತ್ತೆ ಹೋಗುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ತಪ್ಪನ್ನು ತಂದು ನನ್ನ ಕೈಯೊಳಗೆ ಇಟ್ಟರು, ಬೆರಳು ಮಡಚಿ ಮುಷ್ಟಿ ಮುಚ್ಚಿದರು. ನಾನು ಅದನ್ನು ಜೋಪಾನವಾಗಿ ಹಿಡಿದುಕೊಂಡು ಓಡಾಡಿದೆ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ. ಈಗಲೂ ಹೊಸ ತಗಡು ಮುಟ್ಟುವ ಮೊದಲು ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ತಲೆಗೆ ಗೊತ್ತಾದದ್ದು ಕೈಗೆ ಇನ್ನೂ ಗೊತ್ತಾಗಿಲ್ಲ.

ಮತ್ತೆ ನಾನು ಅಲ್ಲಿಗೆ ಹೋಗಲಿಲ್ಲ. ಬಾಗಿಲಿಗೆ ತಗಡು ಮಾಡಿದೆ, ಗಂಡನ ಕೊಡೆಗೆ ಜಾಗ ತಪ್ಪಿತು. ಬೆಳ್ತಂಗಡಿಯಲ್ಲೂ ಬಂಟ್ವಾಳದಲ್ಲೂ ಕಲಿಸಲು ಶುರುಮಾಡಿದೆ. ಮೊದಲನೆಯ ಪಾಠವೇ ಕವುಚಿ ಹಾಕುವುದು. ಒಮ್ಮೆ ಟೀಚರ್ ಫೋನ್ ಮಾಡಿ, ಏನೂ ಆಗದವರ ಹಾಗೆ, "ಪುಡಿ ಮುಗಿದಿದೆ ಮಗಾ, ಮಂಗಳೂರಿಗೆ ಹೋದರೆ ನನಗೂ ಒಂದು ಪ್ಯಾಕೆಟ್ ತಾ" ಎಂದರು. ತಂದೆ. ಸಿದ್ದಕಟ್ಟೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದೆ, ನಾನು ಹತ್ತಲಿಲ್ಲ. ನನ್ನ ಗೆರೆಯಿಲ್ಲದೆ ಅವರು ಆ ಪುಡಿಯಿಂದ ಏನು ಮಾಡಿದರೋ ಗೊತ್ತಿಲ್ಲ. ಈ ಮಳೆಗಾಲದಲ್ಲಿ ಅವರು ಹೋದ ಸುದ್ದಿ ಬಂತು. ಎದೆನೋವು, ಆಸ್ಪತ್ರೆಗೆ ಮುಟ್ಟುವ ಮೊದಲೇ ಮುಗಿದಿತ್ತಂತೆ.

ಉತ್ತರಕ್ರಿಯೆಗೆ ಮೊದಲು ಟೀಚರ ತಮ್ಮನ ಮಗ ಬಂಟ್ವಾಳಕ್ಕೆ ಬಂದ. "ಅಕ್ಕ, ಫೋಟೋದ ಅಡಿಗೆ ಅತ್ತೆಯ ಹೆಸರಿನ ಒಂದು ಹಿತ್ತಾಳೆ ತಗಡು ಆಗಬೇಕಿತ್ತು. ಅತ್ತೆಯ ಕೆಲಸ ಗೊತ್ತಿದ್ದವರು ನೀವೊಬ್ಬರೇ ಅಲ್ವಾ" ಎಂದ. ಒಪ್ಪಿಕೊಂಡೆ. ಹೊರಟವನು ಬಾಗಿಲಲ್ಲಿ ನಿಂತು, "ಅತ್ತೆ ಯಾವಾಗಲೂ ನಿಮ್ಮ ಸುದ್ದಿ ಹೇಳ್ತಿದ್ದರು" ಎಂದ.

"ಎಂಥ ಹೇಳ್ತಿದ್ದರು?"

ಅವನು ನೆನಪು ಮಾಡಿಕೊಂಡು, ನನಗೆ ಖುಷಿಯಾಗಲೆಂದು ನಗುತ್ತಾ ಹೇಳಿದ: "ಅವಳ ಹಾಗೆ ಚಾ ಯಾರೂ ಮಾಡುವುದಿಲ್ಲ ಅಂತ."

ಅವನು ಹೋದ ಮೇಲೆ ತಗಡು ತೊಳೆದು, ಪಾಲಿಶ್ ಬಳಿದು, ಒಣಗಿಸಿ, ಅವರ ಹೆಸರನ್ನು ಗೀರಿದೆ. ಸುತ್ತಲೂ ಹಾಗಲಬಳ್ಳಿಯ ಸುರುಳಿ ಹಾಕಿದೆ. ಅದು ಅವರಿಗೆ ಇಷ್ಟವಿತ್ತು. ಆಮೇಲೆ ಡಬ್ಬಿಗೆ ಕಷಾಯ ಹೊಯ್ದು, ತಗಡನ್ನು ಮುಖ ಮೇಲೆ ಮಾಡಿ ಇಳಿಸಿದೆ. ಅವರು ನನಗೆ ಕಲಿಸಿದ ಹಾಗೆಯೇ. ಕೆಲಸ ಕಣ್ಣಿಗೆ ಕಾಣಬೇಕು. ಅಲ್ಲಾಡಿಸಬಾರದು. ಎದ್ದು ಅಡುಗೆಮನೆಗೆ ಹೋಗಿ ಚಾ ಇಟ್ಟೆ.

ಶುಂಠಿ ಜಜ್ಜಿ ಹಾಕಿದೆ, ಏಲಕ್ಕಿ ಹಾಕಿದೆ. ಕೂತು ಕುಡಿಯತೊಡಗಿದೆ. ಚಾ ಒಳ್ಳೆಯದೇ ಆಗಿತ್ತು. ಆಚೆ ಡಬ್ಬಿಯಲ್ಲಿ ಅವರ ಹೆಸರಿನ ಮೇಲೆ ಕೆಸರು ಕೂರುತ್ತಿದೆ ಎಂದು ನೆನೆದು ಮೊದಲು ಹಿತವೆನಿಸಿತು. ಹೆಸರು ಅವರದ್ದು, ಹಾಳಾಗಲಿ. ಆದರೆ ಬಳ್ಳಿ ನನ್ನದು, ಅಕ್ಷರದ ಬಾಗು ನನ್ನದು. ಅರ್ಧ ಲೋಟ ಚಾ ಬಿಟ್ಟು ಎದ್ದೆ. ಕೆಸರು ತೊಳೆದು, ಡಬ್ಬಿಯೊಳಗೆ ನಾಲ್ಕು ಮುಚ್ಚಳ ಇಟ್ಟು, ತಗಡನ್ನು ಅವುಗಳ ಮೇಲೆ ಕವುಚಿ ಹಾಕಿದೆ. ಅವರನ್ನು ಕ್ಷಮಿಸಿ ಮಾಡಿದ ಕೆಲಸವಲ್ಲ ಅದು.

ಉತ್ತರಕ್ರಿಯೆಯ ದಿನ ಫೋಟೋದ ಅಡಿಯಲ್ಲಿ ತಗಡು ಹೊಳೆಯುತ್ತಿತ್ತು. ಬಂದವರೆಲ್ಲ ನೋಡಿ, "ಟೀಚರೇ ಮಾಡಿದ ಹಾಗೆ ಉಂಟು" ಎಂದರು. ಅಕ್ಷರಗಳ ಅಂಚು ಚೊಕ್ಕವಾಗಿತ್ತು. ಗೆರೆಗಳ ತಳ ಮಾತ್ರ ಒಂದಿಷ್ಟು ಒರಟು. ಕಣ್ಣಿಗೆ ಕಾಣುವುದಿಲ್ಲ, ಉಗುರಿನಿಂದ ಸವರಿದರೆ ತಾಗುತ್ತದೆ. ಅಲ್ಲಿದ್ದವರಲ್ಲಿ ಅದು ಏನೆಂದು ಗೊತ್ತಾಗುವಂಥವರು ಇಬ್ಬರೇ. ಒಬ್ಬರು ಫೋಟೋದಲ್ಲಿದ್ದರು. ಇನ್ನೊಬ್ಬಳು ಒಳಗೆ ಹೋಗಿ, ಬಂದವರಿಗೆಲ್ಲ ಚಾ ಇಟ್ಟಳು.